ಮಾರ್ಫಿನ್‌ಗೆ ಒಗ್ಗಿದ ಮೈಗೆ ಆಪರೇಷನ್ ಆದಾಗ: ಪಂಪ್, ನರ್ವ್ ಬ್ಲಾಕ್, ಕೆಟಮಿನ್, ಎಪಿಡ್ಯೂರಲ್ ಹೋಲಿಕೆ

ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ವರ್ಷಗಟ್ಟಲೆ ಓಪಿಯಾಯ್ಡ್ (ಮಾರ್ಫಿನ್, ಫೆಂಟನಿಲ್ ಜಾತಿಯ ಬಲವಾದ ನೋವಿನ ಔಷಧಿ) ತೆಗೆದುಕೊಳ್ಳುತ್ತಿರುವವರಿಗೆ ಕೈಕಾಲಿನ ಆಪರೇಷನ್ ಆದರೆ, ಕೊಳವೆ ಇಟ್ಟು ಕೊಡುವ ನರ್ವ್ ಬ್ಲಾಕ್, ಅಂದರೆ ಆ ಭಾಗದ ನರವನ್ನೇ ಮರಗಟ್ಟಿಸುವುದು, ಮೊದಲು. ಕಡಿಮೆ ಡೋಸಿನ ಕೆಟಮಿನ್ (ಅರಿವಳಿಕೆಗೂ ಬಳಸುವ ಔಷಧಿ) ಎರಡನೆಯದು. ರೋಗಿಯೇ ಗುಂಡಿ ಒತ್ತಿ ರಕ್ತನಾಳಕ್ಕೆ ಮಾರ್ಫಿನ್ ಬಿಟ್ಟುಕೊಳ್ಳುವ ಪಂಪ್ ಮೂರನೆಯದು. ಆದರೆ ಇವೆಲ್ಲಕ್ಕೂ ಮುಂಚೆ ಒಂದು ವಿಷಯ ಗಟ್ಟಿಯಾಗಬೇಕು: ದಿನಾ ತೆಗೆದುಕೊಳ್ಳುವ ಮಾತ್ರೆ ನಿಲ್ಲಬಾರದು. ಅದು ನಿಂತರೆ ಉಳಿದ ಯಾವುದೂ ನೆಟ್ಟಗೆ ಕೆಲಸ ಮಾಡುವುದಿಲ್ಲ.

ನನ್ನ ಹಿನ್ನೆಲೆ ಇಷ್ಟು. ಅಪಘಾತದಲ್ಲಿ ಭುಜದ ನರಗಳಿಗೆ ಪೆಟ್ಟಾಗಿ ನೋವು ಉಳಿದುಕೊಂಡಿತು. ಬೇರೆ ಔಷಧಿ ಸಾಲದೆ ಮಾರ್ಫಿನ್ ಮಾತ್ರೆಗೆ ಬಂದೆ, ದಿನಕ್ಕೆ 90 ಮಿಲಿಗ್ರಾಂ. ಒಂದು ವಾರ ಅಥವಾ ಅದಕ್ಕಿಂತ ಜಾಸ್ತಿ ಕಾಲ ದಿನಕ್ಕೆ ಕನಿಷ್ಠ 60 ಮಿಲಿಗ್ರಾಂ ಮಾರ್ಫಿನ್ ನುಂಗುತ್ತಿರುವವರನ್ನು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಓಪಿಯಾಯ್ಡ್‌ಗೆ ಒಗ್ಗಿದವರು ಎಂದು ಲೆಕ್ಕ ಹಾಕುತ್ತದೆ. ಗಂಟೆಗೆ 25 ಮೈಕ್ರೋಗ್ರಾಂ ಬಿಡುವ ಫೆಂಟನಿಲ್ ಪ್ಯಾಚ್ ಹಾಕಿಕೊಂಡವರೂ ಅದೇ ಗುಂಪಿಗೆ ಸೇರುತ್ತಾರೆ. ಇದು ಚಟ ಅಲ್ಲ. ಮೈ ಔಷಧಿಗೆ ಒಗ್ಗಿಕೊಂಡಿದೆ, ಅಷ್ಟೇ.

ಆಮೇಲೆ ಎರಡೂ ಮಂಡಿಗಳನ್ನು ಬದಲಿಸಬೇಕಾಯಿತು. ಬೇರೆ ಬೇರೆ ವರ್ಷ, ಬೇರೆ ಬೇರೆ ಆಸ್ಪತ್ರೆ. ಮೈ ಅದೇ, ಆಪರೇಷನ್ ಅದೇ, ನೋವು ನೋಡಿಕೊಂಡ ರೀತಿ ಮಾತ್ರ ಪೂರ್ತಿ ಬೇರೆ.

ಬಲ ಮಂಡಿ: ಬರೀ ಪಂಪ್

ಇಲ್ಲಿ ಆಪರೇಷನ್ ದಿನ ಬೆಳಿಗ್ಗೆಯೇ ನನ್ನ ಮಾತ್ರೆ ನಿಲ್ಲಿಸಿದರು. "ಪಂಪ್‌ನಲ್ಲೂ ಮಾರ್ಫಿನ್ನೇ ಇರುತ್ತದೆ, ಎರಡೆರಡು ಯಾಕೆ" ಅಂದರು. ಕೇಳಿದರೆ ಸರಿ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. ನುಂಗಿದ 3 ಮಿಲಿಗ್ರಾಂ ಮಾರ್ಫಿನ್ ರಕ್ತನಾಳಕ್ಕೆ ಕೊಟ್ಟ 1 ಮಿಲಿಗ್ರಾಂಗೆ ಹೆಚ್ಚುಕಡಿಮೆ ಸಮ. ಹಾಗಾದರೆ ನನ್ನ 90 ಮಿಲಿಗ್ರಾಂ ಮಾತ್ರೆ ಪಂಪಿನ 30 ಮಿಲಿಗ್ರಾಂ ಆಯಿತು. ಪಂಪ್ ಒಂದು ಸಲ ಒತ್ತಿದರೆ 1 ಮಿಲಿಗ್ರಾಂ ಕೊಡುತ್ತಿತ್ತು. ದಿನಕ್ಕೆ 30 ಸಲ ಒತ್ತಿದರೆ, ಆಪರೇಷನ್‌ಗೆ ಮುಂಚೆ ಎಲ್ಲಿದ್ದೆನೋ ಅಲ್ಲಿಗೆ ಬಂದು ನಿಲ್ಲುತ್ತೇನೆ. ಮೂಳೆ ಕೊಯ್ದ ನೋವಿಗೆ ಇನ್ನೂ ಒಂದು ಹನಿಯೂ ಸಿಕ್ಕಿಲ್ಲ!

ಇನ್ನು ರಾತ್ರಿ. ನಿದ್ದೆ ಹತ್ತಿದರೆ ಗುಂಡಿ ಒತ್ತುವವರು ಯಾರು? ಸ್ವಲ್ಪ ಹೊತ್ತಿಗೆ ಔಷಧಿ ಇಳಿಯುತ್ತದೆ, ನೋವು ಎಬ್ಬಿಸುತ್ತದೆ. ಒಂದೊಂದು ಒತ್ತಿನ ನಡುವೆ ಪಂಪ್ ಬೀಗ ಹಾಕಿಕೊಳ್ಳುತ್ತದೆ, ಸಾಮಾನ್ಯವಾಗಿ 5ರಿಂದ 10 ನಿಮಿಷ. ಹಾಗೆ ಕಾದು ಕಾದು ಒತ್ತಿ ನೋವನ್ನು ಹಿಡಿತಕ್ಕೆ ತರುವಷ್ಟರಲ್ಲಿ ಬೆಳಗಾಗುತ್ತಿತ್ತು. ಜೊತೆಗೆ ಆಕಳಿಕೆ, ಮೂಗು ಸೋರುವುದು, ಬೆವರು, ರೋಮ ನಿಮಿರುವುದು. ಇವು ದಿನದ ಮಾತ್ರೆ ನಿಂತಿದ್ದರ ಲಕ್ಷಣಗಳು. ಮಂಡಿಗೂ ಇದಕ್ಕೂ ಸಂಬಂಧವಿಲ್ಲ.

ಎಷ್ಟು ಸಲ ಒತ್ತಿದರು, ಎಷ್ಟು ಸಲ ಔಷಧಿ ಬಂತು ಎಂಬ ಎರಡೂ ಲೆಕ್ಕ ಪಂಪ್‌ನಲ್ಲಿ ಉಳಿಯುತ್ತದೆ. ನನ್ನ ಮೊದಲ ಸಂಖ್ಯೆ ಎರಡನೆಯದಕ್ಕಿಂತ ತುಂಬಾ ದೊಡ್ಡದಿತ್ತು. ಅದನ್ನು ನೋಡಿದವರು ಅನುಮಾನ ಪಟ್ಟರು. ನನಗೆ ಆಪರೇಷನ್‌ಗಿಂತ ಅದೇ ಹೆಚ್ಚು ನೋವಾಯಿತು. ಡೋಸ್ ಸಾಲದವರು ಮತ್ತೆ ಮತ್ತೆ ಕೇಳುತ್ತಾರೆ, ಡೋಸ್ ಸರಿಯಾದ ಕೂಡಲೇ ಕೇಳುವುದು ತಾನಾಗಿ ನಿಲ್ಲುತ್ತದೆ. ಆ ಎರಡು ಸಂಖ್ಯೆಗಳನ್ನು ಡೋಸ್ ಸರಿಪಡಿಸಲು ಬಳಸಬೇಕು, ಮನುಷ್ಯನನ್ನು ಅಳೆಯಲು ಅಲ್ಲ.

ಪಂಪ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಂಪರು ಬಂದವರು ಒತ್ತುವುದಿಲ್ಲ, ಆದ್ದರಿಂದ ಡೋಸ್ ಮಿತಿ ಮೀರುವುದು ಕಷ್ಟ. (ಪಾಪ ನರಳುತ್ತಿದ್ದಾರೆ ಅಂತ ಮನೆಯವರು ಗುಂಡಿ ಒತ್ತಲೇಬಾರದು. ಆ ರಕ್ಷಣೆಯೇ ಹೋಗಿಬಿಡುತ್ತದೆ.) ದಿನದ ಮಾತ್ರೆ ಮುಂದುವರಿದು, ಅದರ ಮೇಲೆ ಪಂಪ್ ಇದ್ದರೆ ಅದು ಬೇರೆಯೇ ಸಾಧನ.

ಎಡ ಮಂಡಿ: ಬ್ಲಾಕ್ ಮತ್ತು ಕೆಟಮಿನ್

ಈ ಸಲ ಆಪರೇಷನ್‌ಗೆ ಮುಂಚೆಯೇ ಅರಿವಳಿಕೆ ಡಾಕ್ಟರನ್ನು ಕಂಡು ಬಲ ಮಂಡಿಯ ಕಥೆಯೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಪರೇಷನ್ ದಿನ ಬೆಳಿಗ್ಗೆ ಒಂದು ಗುಟುಕು ನೀರಿನಲ್ಲಿ ನನ್ನ ಮಾಮೂಲಿ ಮಾತ್ರೆ ನುಂಗಲು ಹೇಳಿದರು.

ತೊಡೆಯ ಒಳಭಾಗದಲ್ಲಿ ಒಂದು ಸಣ್ಣ ಕೊಳವೆ ಇಟ್ಟು ರೋಪಿವಕೈನ್ ಎಂಬ ಮರಗಟ್ಟಿಸುವ ಔಷಧಿಯನ್ನು ನಿಧಾನವಾಗಿ ಬಿಟ್ಟರು. ಇದರ ದೊಡ್ಡ ಗುಣ ಏನೆಂದರೆ, ನರದಲ್ಲಿ ಸಾಗುವ ನೋವಿನ ಸುದ್ದಿಯನ್ನೇ ಅದು ತಡೆಯುತ್ತದೆ. ನೀವು ಎಷ್ಟು ವರ್ಷದಿಂದ ಮಾರ್ಫಿನ್ ತೆಗೆದುಕೊಂಡಿದ್ದೀರಿ ಎಂಬುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಒಗ್ಗಿದ ಮೈ, ಒಗ್ಗದ ಮೈ ಎರಡರಲ್ಲೂ ಒಂದೇ ರೀತಿ ಕೆಲಸ. ನನ್ನಂಥವರಿಗೆ ಇದು ಎಷ್ಟು ದೊಡ್ಡ ಸಮಾಧಾನ ಅಂತ ಹೇಳಿದರೆ ಸಾಲದು.

ಮಂಡಿಯ ಮುಂಭಾಗ ಪೂರ್ತಿ ತಣ್ಣಗಾಯಿತು. ಹಿಂಭಾಗದಲ್ಲಿ ನೋವು ಉಳಿಯಿತು, ಯಾಕೆಂದರೆ ಅಲ್ಲಿಗೆ ಬೇರೆ ನರಗಳು ಹೋಗುತ್ತವೆ. ಇದನ್ನು ಮೊದಲೇ ತಿಳಿಸಿದ್ದರು, ಹಾಗಾಗಿ ಗಾಬರಿಯಾಗಲಿಲ್ಲ. ಈ ಜಾಗದ ಬ್ಲಾಕ್ ತೊಡೆಯ ಸ್ನಾಯುವಿನ ಬಲವನ್ನು ಹೆಚ್ಚಾಗಿ ಉಳಿಸುತ್ತದೆ. ಆದರೂ ಕಾಲು ಕುಸಿಯಬಹುದು, ಒಬ್ಬರೇ ಏಳಬಾರದು. ಕೊಳವೆ ಜರುಗಬಹುದು, ಸೋರಬಹುದು. ಅದನ್ನು ಸಾಮಾನ್ಯವಾಗಿ 2–3 ದಿನ ಇಡುತ್ತಾರೆ. ಕೊಳವೆ ಇಲ್ಲದೆ ಒಂದೇ ಇಂಜೆಕ್ಷನ್ ಆದರೆ ಹೆಚ್ಚಾಗಿ 12ರಿಂದ 24 ಗಂಟೆ. ಅದು ಇಳಿದಾಗ ನೋವು ಒಮ್ಮೆಲೇ ನುಗ್ಗುತ್ತದೆ. ಒಂದೇ ಇಂಜೆಕ್ಷನ್ ಸಿಗುವುದಾದರೆ, ಅದು ಇಳಿಯುವ ಮುಂಚೆಯೇ ಬೇರೆ ಔಷಧಿ ಶುರು ಮಾಡಿಸಿ.

ಕೆಟಮಿನ್ ಬಗ್ಗೆ ನನಗೆ ಭಯ ಇತ್ತು. ಪೂರ್ತಿ ಅರಿವಳಿಕೆಗೆ ಕೊಡುವುದಕ್ಕಿಂತ ತುಂಬಾ ಕಡಿಮೆ ಪ್ರಮಾಣದಲ್ಲಿ ಡ್ರಿಪ್ ಮೂಲಕ ಕೊಟ್ಟರು. ನರಕೋಶದಲ್ಲಿ ಮಾರ್ಫಿನ್ ಹಿಡಿಯುವ ಬಾಗಿಲು (ರಿಸೆಪ್ಟರ್) ಬೇರೆ, ಇದು ಹಿಡಿಯುವುದು ಎನ್‌ಎಂಡಿಎ ಎಂಬ ಬೇರೆ ಬಾಗಿಲು. ಓಪಿಯಾಯ್ಡ್‌ಗೆ ಒಗ್ಗುವುದರಲ್ಲಿ, ಓಪಿಯಾಯ್ಡ್‌ನಿಂದಲೇ ನೋವು ಹೆಚ್ಚು ಚುರುಕಾಗುವುದರಲ್ಲಿ ಆ ಬಾಗಿಲಿನ ಪಾತ್ರ ಇದೆ. ಹಾಗಾಗಿ ನಮ್ಮಂಥವರಿಗೆ ಇದು ಹೇಳಿ ಮಾಡಿಸಿದ ಔಷಧಿ. 2018ರಲ್ಲಿ ಅಮೆರಿಕದ ಅರಿವಳಿಕೆ ಮತ್ತು ನೋವು ತಜ್ಞರ ಮೂರು ಸಂಘಗಳು ಸೇರಿ ಹೊರಡಿಸಿದ ಮಾರ್ಗಸೂಚಿಯೂ ಓಪಿಯಾಯ್ಡ್‌ಗೆ ಒಗ್ಗಿದವರ ಆಪರೇಷನ್‌ಗೆ ಇದನ್ನು ಪರಿಗಣಿಸಬಹುದು ಎನ್ನುತ್ತದೆ. ನನಗೆ ಮಂಡಿ ಹಿಂಭಾಗದ ನೋವು ದೂರ ಸರಿದಂತಾಯಿತು. ಇದೆ, ಆದರೆ ಕಾಡುವುದಿಲ್ಲ. ಸೂರು ಸ್ವಲ್ಪ ಅಲುಗಿದಂತೆ ಕಂಡಿತು, ವಿಚಿತ್ರ ಕನಸು ಬಿತ್ತು. ಡ್ರಿಪ್ ವೇಗ ಇಳಿಸಿದ ಮೇಲೆ ಅದೂ ಹೋಯಿತು. ಹಿಡಿತಕ್ಕೆ ಬಾರದ ಹೃದಯದ ತೊಂದರೆ ಅಥವಾ ಭ್ರಮೆ ಕಾಣುವ ಮನೋರೋಗ ಇರುವವರಿಗೆ ಇದು ಸರಿಹೊಂದುವುದಿಲ್ಲ.

ಎಡ ಮಂಡಿಗೂ ಪಂಪ್ ಇಟ್ಟಿದ್ದರು. ಅದೇ ಗುಂಡಿ, ಆದರೆ ಫಿಸಿಯೋಥೆರಪಿಗೆ ಮುಂಚೆ ಬಿಟ್ಟರೆ ಅದರ ನೆನಪೇ ಬರಲಿಲ್ಲ.

ಎಪಿಡ್ಯೂರಲ್

ಬೆನ್ನಿನಲ್ಲಿ, ಬೆನ್ನುಹುರಿಯ ಹೊದಿಕೆಯ ಹೊರಗೆ ಸಣ್ಣ ಕೊಳವೆ ಇಟ್ಟು ಮರಗಟ್ಟಿಸುವ ಔಷಧಿ ಬಿಡುವುದೇ ಎಪಿಡ್ಯೂರಲ್. ಮುಂದೆ ಹೊಟ್ಟೆಯ ಆಪರೇಷನ್‌ಗೆ ಇದನ್ನು ಹಾಕಿದರು. ದೊಡ್ಡ ಕೊಯ್ತಕ್ಕೆ ಇದರಷ್ಟು ಒಳ್ಳೆಯದನ್ನು ನಾನು ಕಂಡಿಲ್ಲ. ಕೆಮ್ಮಲು ಸಾಧ್ಯವಾಯಿತು! ಆದರೆ ರಕ್ತದೊತ್ತಡ ಇಳಿಯಿತು, ಕಾಲು ಭಾರವಾಯಿತು, ಮೂತ್ರಕ್ಕೆ ನಳಿಕೆ ಬೇಕಾಯಿತು. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಹಾಕುವುದೂ ಕಷ್ಟ. ಇನ್ನೊಂದು ಮಾತು: ನೋವೇ ಇಲ್ಲ ಅಂತ ದಿನದ ಓಪಿಯಾಯ್ಡ್ ನಿಲ್ಲಿಸಿದರೆ, ಎಪಿಡ್ಯೂರಲ್ ನೋವು ತಡೆಯುತ್ತದೆಯೇ ಹೊರತು ಆ ಬೆವರು, ನಡುಕ, ಚಡಪಡಿಕೆಯನ್ನು ತಡೆಯುವುದಿಲ್ಲ.

ಉಳಿದವು

ಪ್ಯಾರಾಸಿಟಮಾಲ್ ಅಂದರೆ "ಅಷ್ಟೇನಾ" ಅನ್ನಿಸುತ್ತದೆ. ನೋವು ಬಂದಾಗ ಅಲ್ಲ, ಗಡಿಯಾರ ನೋಡಿ 6 ಗಂಟೆಗೊಮ್ಮೆ ಕೊಟ್ಟಾಗ ಅದರ ಬೆಲೆ ತಿಳಿಯುತ್ತದೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು, ಲಿವರ್ ತೊಂದರೆ ಇದ್ದರೆ ಇನ್ನೂ ಕಡಿಮೆ. ಕೆಟೊರೊಲ್ಯಾಕ್ (ಓಪಿಯಾಯ್ಡ್ ಅಲ್ಲದ ನೋವಿನ ಔಷಧಿ) ನನಗೆ ಚೆನ್ನಾಗಿ ಹಿಡಿಯಿತು. ಆದರೆ ಅದು 5 ದಿನ ಮೀರಬಾರದು, ಕಿಡ್ನಿ ಮತ್ತು ಹೊಟ್ಟೆಹುಣ್ಣು ನೋಡಿಕೊಳ್ಳಬೇಕು. ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್ ಸುಮ್ನೆ ಮಂಪರು ತಂದಿತು, ನಾನು ಬೇಡ ಅಂದೆ. ಓಪಿಯಾಯ್ಡ್ ಜೊತೆ ಅದು ಉಸಿರನ್ನು ನಿಧಾನ ಮಾಡಬಹುದು ಎಂದು ಎಫ್‌ಡಿಎ 2019ರಲ್ಲೇ ಎಚ್ಚರಿಸಿದೆ. ಐಸ್ ಪ್ಯಾಕ್ ಮಂಡಿಗೆ ಹಿತ.

ನಾನು ಬಳಸದ ಔಷಧಿಗಳ ಬಗ್ಗೆಯೂ ಒಂದೆರಡು ಮಾತು, ಯಾಕೆಂದರೆ ಇಲ್ಲಿ ಎಡವಟ್ಟಾದರೆ ದುಬಾರಿ. ಬುಪ್ರೆನಾರ್ಫಿನ್ (ನೋವಿಗೂ, ಓಪಿಯಾಯ್ಡ್ ಚಟದ ಚಿಕಿತ್ಸೆಗೂ ಕೊಡುವ ಒಂದು ಓಪಿಯಾಯ್ಡ್) ತೆಗೆದುಕೊಳ್ಳುವವರಿಗೆ ಹಿಂದೆ ಆಪರೇಷನ್‌ಗೆ ಮುಂಚೆ ನಿಲ್ಲಿಸುತ್ತಿದ್ದರು. ಈಗ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ನಾಲ್ಟ್ರೆಕ್ಸೋನ್ ಇದಕ್ಕೆ ತದ್ವಿರುದ್ಧ. ಅದು ಮೈಯಲ್ಲಿದ್ದರೆ ಓಪಿಯಾಯ್ಡ್ ಹಿಡಿಯುವುದೇ ಇಲ್ಲ, ಮುಂಚೆಯೇ ಡಾಕ್ಟರ ಜೊತೆ ಕೂತು ನಿಲ್ಲಿಸುವ ದಿನ ಗೊತ್ತುಮಾಡಬೇಕು. ಫೆಂಟನಿಲ್ ಪ್ಯಾಚ್ ಇದ್ದರೆ ಎಲ್ಲಿ ಅಂಟಿಸಿದ್ದೀರಿ ಎಂದು ಹೇಳಿ. ಆಪರೇಷನ್ ಥಿಯೇಟರಿನ ಬಿಸಿ ಹೊದಿಕೆ ಅದರ ಮೇಲೆ ಬಿದ್ದರೆ ಔಷಧಿ ಬೇಗ ಬೇಗ ಒಳಗೆ ಹೋಗುತ್ತದೆ.

ಮನೆಗೆ ಹೋಗುವಾಗ ಆಸ್ಪತ್ರೆಯಲ್ಲಿ ಸೇರಿಸಿದ ಹೆಚ್ಚಿನ ಓಪಿಯಾಯ್ಡ್ ಅನ್ನು ಯಾರು, ಯಾವ ದಿನದಿಂದ, ಎಷ್ಟೆಷ್ಟು ಇಳಿಸುತ್ತಾರೆ ಎಂದು ಬರೆಸಿಕೊಳ್ಳಿ. ಕೆಲವು ವಾರ ಡೋಸ್ ಇಳಿದ ಮೇಲೆ ಮೈಯ ಒಗ್ಗುವಿಕೆಯೂ ಇಳಿದಿರುತ್ತದೆ. ಆಗ ಹಳೆಯ ದೊಡ್ಡ ಡೋಸನ್ನು ಒಮ್ಮೆಲೇ ನುಂಗಿದರೆ ಉಸಿರು ನಿಲ್ಲಬಹುದು. ಓಪಿಯಾಯ್ಡ್ ಅತಿಯಾದಾಗ ಅದರ ಪರಿಣಾಮವನ್ನು ಇಳಿಸುವ ನಲಾಕ್ಸೋನ್ ಸಿಗುವಂತಿದ್ದರೆ ಮನೆಯಲ್ಲಿಡಿ, ಅದನ್ನು ಬಳಸುವುದು ಹೇಗೆ ಅಂತ ಜೊತೆಗಿರುವವರಿಗೆ ಕಲಿಸಿ.