ಅಳಿಸಿದ ಫೈಲ್‌ಗಳ ಹೆಸರು ಹುಡುಕಲು ಮೂರು ಟೂಲ್: ನನಗೆ ಒಗ್ಗಿದ್ದು ಎಂಎಫ್‌ಟಿಇಸಿಎಂಡಿ

ಹೋದ ತಿಂಗಳು ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಡಿಸ್ಕ್ ಒಂದರ ಇಮೇಜ್, ಅಂದರೆ ಇಡೀ ಡಿಸ್ಕಿನ ನಕಲು, ನನ್ನ ಕೈಗೆ ಬಂತು. ಅಳಿಸಿಹೋದ ಬಿಲ್‌ಗಳು ಬೇಕಿತ್ತು. ಆತುರಕ್ಕೆ ಬಿದ್ದು ಮೊದಲು ಫೋಟೊರೆಕ್ ಓಡಿಸಿದೆ, ಫೈಲಿನ ಒಳಗಿನ ಗುರುತು ಹಿಡಿದು ಹುಡುಕುವ ಟೂಲ್ ಅದು. ಫೈಲ್‌ಗಳು ಸಾವಿರಗಟ್ಟಲೆ ಸಿಕ್ಕವು. ಆದರೆ ಹೆಚ್ಚಿನವಕ್ಕೆ ‘ಎಫ್’ ಅಕ್ಷರದ ಮುಂದೆ ಉದ್ದದೊಂದು ಸಂಖ್ಯೆ, ಅಷ್ಟೇ ಹೆಸರು. ಯಾವ ಬಿಲ್ ಯಾವ ಫೋಲ್ಡರಿನಲ್ಲಿತ್ತು ಅಂತ ಹೇಳಬೇಕಾದವರಿಗೆ ಇದು ಏನೇನೂ ಸಾಲದು.

ಆಮೇಲೆ ಸ್ಲೂತ್ ಕಿಟ್ ಎಂಬ ಟೂಲ್‌ಗಳ ಕಟ್ಟಿನಲ್ಲಿ ಹೆಸರುಗಳ ಪಟ್ಟಿ ಕೊಡುವ ಕಮಾಂಡ್, ಎಫ್‌ಎಲ್‌ಎಸ್. ಅಳಿಸಿದ ಹೆಸರುಗಳ ಪಕ್ಕ ನಕ್ಷತ್ರ ಹಾಕಿ ಚೆನ್ನಾಗಿ ಪಟ್ಟಿ ಕೊಟ್ಟಿತು. ಆದರೆ ನನಗೆ ಬೇಕಿದ್ದ ಬಿಲ್‌ಗಳೆಲ್ಲ ‘ಆರ್ಫನ್ ಫೈಲ್ಸ್’ (ತಾಯಿ ಫೋಲ್ಡರ್ ಸಿಗದ ಅನಾಥ ಫೈಲ್‌ಗಳು) ಒಳಗೆ ಬಂದು ಬಿದ್ದವು. ಹೆಸರು ಸಿಕ್ಕಿತು, ಮನೆ ಸಿಗಲಿಲ್ಲ.

ನನ್ನನ್ನು ಎರಡು ದಿನ ಕಾಡಿದ್ದು ಇದೇ. ಎನ್‌ಟಿಎಫ್‌ಎಸ್‌ನಲ್ಲಿ ಎಲ್ಲ ಫೈಲ್, ಫೋಲ್ಡರ್‌ಗಳ ಪಟ್ಟಿಗೆ ಎಂಎಫ್‌ಟಿ ಅನ್ನುತ್ತಾರೆ. ಫೈಲಿನ ಎಂಎಫ್‌ಟಿ ದಾಖಲೆಯಲ್ಲಿ ಪೂರ್ತಿ ಪಾತ್ (ಯಾವ ಫೋಲ್ಡರಿನೊಳಗೆ ಯಾವುದು ಎಂಬ ದಾರಿ) ಇರುವುದಿಲ್ಲ. ತನ್ನ ಹೆಸರು, ತಾಯಿ ಫೋಲ್ಡರಿನ ನಂಬರ್, ಇಷ್ಟೇ. ಆ ನಂಬರ್ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಾ ಎಲ್ಲಕ್ಕೂ ಮೇಲಿನ ಫೋಲ್ಡರ್ ಆದ ರೂಟ್ ತನಕ, ಅಂದರೆ 5ನೇ ದಾಖಲೆ ತನಕ ಹೋಗಬೇಕು. ನಡುವಿನ ಫೋಲ್ಡರ್ ಅಳಿಸಿಹೋಗಿ ಅದರ ಜಾಗಕ್ಕೆ ಬೇರೆಯದು ಬಂದು ಕೂತಿದ್ದರೆ ದಾರಿ ಅಲ್ಲೇ ಕಡಿದುಹೋಗುತ್ತದೆ.

ದಾಖಲೆ ನಂಬರಿನ ಜೊತೆ ಸೀಕ್ವೆನ್ಸ್ ಅಂತ ಇನ್ನೊಂದು ಸಂಖ್ಯೆ ಇರುತ್ತದೆ, ಅದೇ ಜಾಗ ಮತ್ತೊಂದಕ್ಕೆ ಹೋದಾಗ ಅದು ಏರುತ್ತದೆ. ನನ್ನ ಬಿಲ್‌ಗಳ ತಾಯಿ 48213, ಸೀಕ್ವೆನ್ಸ್ 3. ಎಂಎಫ್‌ಟಿಯಲ್ಲಿ 48213ರಲ್ಲಿ ಈಗ ಇರುವುದು ಬ್ರೌಸರಿನ ಕ್ಯಾಶ್ (ತಾತ್ಕಾಲಿಕ ಫೈಲ್‌ಗಳ) ಫೋಲ್ಡರ್, ಸೀಕ್ವೆನ್ಸ್ 4. ಬರೀ ನಂಬರ್ ನೋಡಿ ನಂಬಿದ್ದರೆ ಬಿಲ್‌ಗಳು ಕ್ಯಾಶ್‌ನಲ್ಲಿದ್ದವು ಅಂತ ವರದಿ ಬರೆದುಬಿಡುತ್ತಿದ್ದೆ! ಸೀಕ್ವೆನ್ಸ್ ನೋಡದೆ ಪಾತ್ ಬರೆಯಲೇಬೇಡಿ.

ಎಂಎಫ್‌ಟಿ ಓದುವ ಟೂಲ್ ಆದ ಎಂಎಫ್‌ಟಿಇಸಿಎಂಡಿ ಗೆದ್ದಿದ್ದು ಇಲ್ಲೇ. ಅದು ಯುಎಸ್‌ಎನ್ ಜರ್ನಲ್ಲನ್ನೂ (ಫೈಲ್‌ಗಳಿಗೆ ಆದ ಬದಲಾವಣೆಗಳನ್ನು ಎನ್‌ಟಿಎಫ್‌ಎಸ್ ಬರೆದಿಡುವ ದಿನಚರಿ) ಓದಿ ಸಿಎಸ್‌ವಿ, ಅಂದರೆ ಸ್ಪ್ರೆಡ್‌ಶೀಟಿನಲ್ಲಿ ತೆರೆಯಬಹುದಾದ ಪಟ್ಟಿ, ಮಾಡಿಕೊಡುತ್ತದೆ. ಪ್ರತಿ ಸಾಲಿನಲ್ಲೂ ಹೆಸರು, ದಾಖಲೆ ನಂಬರ್, ಸೀಕ್ವೆನ್ಸ್, ತಾಯಿಯ ನಂಬರ್, ಸಮಯ, ಕಾರಣ ಎಲ್ಲ ಇರುತ್ತವೆ. 48213, ಸೀಕ್ವೆನ್ಸ್ 3 ಅಂತ ಫಿಲ್ಟರ್ ಹಾಕಿದೆ. ಫೋಲ್ಡರ್ ಅಳಿಸಿದ ಗಳಿಗೆಯ ಸಾಲು ಸಿಕ್ಕಿತು, ಅದರ ಹೆಸರಿನ ಸಮೇತ. ಅದಕ್ಕೂ ಸ್ವಲ್ಪ ಮೇಲೆ ಇನ್ನೊಂದು ಜೋಡಿ ಸಾಲು: ಹಳೆ ಹೆಸರು, ಹೊಸ ಹೆಸರು. ಅಳಿಸುವ ಮುಂಚೆ ಯಾರೋ ಫೋಲ್ಡರಿನ ಹೆಸರನ್ನೇ ಬದಲಿಸಿದ್ದರು.

ಜರ್ನಲ್‌ಗೆ ಗಾತ್ರದ ಮಿತಿ ಇದೆ, ಹಳೆಯ ಸಾಲುಗಳು ಉದುರುತ್ತಾ ಹೋಗುತ್ತವೆ. ಅದಕ್ಕೇ ಇಮೇಜ್ ಬೇಗ ತೆಗೆದಷ್ಟೂ ಒಳ್ಳೆಯದು.

ಮೂರೂ ಉಚಿತ, ಹಾಗಾಗಿ ದುಡ್ಡಿನ ಮಾತಿಲ್ಲ. ನನ್ನದು ಹಳೆ ಲ್ಯಾಪ್‌ಟಾಪ್, ಭಾರದ ಸಾಫ್ಟ್‌ವೇರ್ ಓಡುವುದಿಲ್ಲ. ಸಿಎಸ್‌ವಿ ತೆರೆದು ಫಿಲ್ಟರ್ ಹಾಕುವುದು ನನಗೆ ಅಭ್ಯಾಸವಾಗಿಹೋಗಿದೆ. ಹಾಗಾಗಿ ಎನ್‌ಟಿಎಫ್‌ಎಸ್ ಅಂದರೆ ನನಗೆ ಎಂಎಫ್‌ಟಿಇಸಿಎಂಡಿಯೇ. ಫ್ಯಾಟ್ (ಎನ್‌ಟಿಎಫ್‌ಎಸ್‌ಗಿಂತ ಹಳೆಯ ವ್ಯವಸ್ಥೆ) ಪೆನ್‌ಡ್ರೈವ್ ಬಂದರೆ ಮಾತ್ರ ಸ್ಲೂತ್ ಕಿಟ್. ಅಲ್ಲಿ ಎಂಎಫ್‌ಟಿಯೂ ಇಲ್ಲ, ಜರ್ನಲ್ಲೂ ಇಲ್ಲ ಅಲ್ವಾ.