ಫೋನ್ ಹೊಸದು, ಸಿಗ್ನಲ್ ಇಲ್ಲ: ಹಳ್ಳಿಯಲ್ಲಿರುವವರು ಸ್ಮಾರ್ಟ್‌ಫೋನ್ ಕೊಳ್ಳುವ ಮೊದಲು

ಮೂರು ವಾರ ವಿಮರ್ಶೆಗಳನ್ನು ಓದಿ, ಕ್ಯಾಮೆರಾ, ಬ್ಯಾಟರಿ, ಪರದೆ ಎಲ್ಲವನ್ನೂ ತೂಗಿ ನೋಡಿ ನಾನು ಕೊಂಡ ಸ್ಮಾರ್ಟ್‌ಫೋನು ಪೇಟೆಯಲ್ಲಿ ಇಡೀ ಮಧ್ಯಾಹ್ನ ಚೆನ್ನಾಗಿಯೇ ಕೆಲಸ ಮಾಡಿತು. ಸಂಜೆ ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಪರದೆಯ ಮೇಲೆ 'ಸೇವೆ ಇಲ್ಲ' ಎಂಬ ಎರಡು ಪದಗಳು ಮಾತ್ರ ಉಳಿದಿದ್ದವು. ನಮ್ಮ ಮನೆ ಗುಡ್ಡದ ಇಳಿಜಾರಿನಲ್ಲಿದೆ, ಹತ್ತಿರದ ಟವರ್ ಗುಡ್ಡದ ಆಚೆಗಿದೆ. ಆದರೂ ಇಷ್ಟು ವರ್ಷ ಗಾಜು ಒಡೆದ ಹಳೆಯ ಫೋನಿನಲ್ಲಿ ಮಾತುಕತೆಗೆ ತೊಂದರೆಯಾಗಿರಲಿಲ್ಲ. ಹೀಗಾಗಿ ಟವರ್‌ನಲ್ಲೇ ಏನೋ ಕೆಟ್ಟಿರಬೇಕು, ಬೆಳಿಗ್ಗೆ ಸರಿಹೋಗುತ್ತದೆ ಎಂದುಕೊಂಡು ಮಲಗಿದೆ.

ಬೆಳಿಗ್ಗೆಯೂ ಸರಿಹೋಗಲಿಲ್ಲ. ಕೊನೆಗೆ ಪಿನ್ನು ಚುಚ್ಚಿ ಸಿಮ್ ತೆಗೆದು ಹಳೆಯ ಫೋನಿಗೆ ಹಾಕಿ ಅಡುಗೆಮನೆಯ ಕಿಟಕಿಯ ಪಕ್ಕ ಇಟ್ಟೆ. ಅರ್ಧ ನಿಮಿಷದಲ್ಲಿ ಎರಡು ಕಡ್ಡಿ ಸಿಗ್ನಲ್ ಮೂಡಿತು, ಅದರ ಹಿಂದೆಯೇ ಹಿಂದಿನ ರಾತ್ರಿಯ ಸಂದೇಶಗಳೆಲ್ಲ ಒಂದರ ಮೇಲೊಂದು ಬಂದು ಬಿದ್ದವು. ಅದೇ ಸಿಮ್ಮನ್ನು ಹೊಸ ಫೋನಿಗೆ ಮರಳಿಸಿದರೆ ಮತ್ತೆ 'ಸೇವೆ ಇಲ್ಲ'. ಇದನ್ನು ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಫಲಿತಾಂಶ ಬದಲಾಗಲಿಲ್ಲ.

ಮಾರಿದವರ ಬಳಿ ಹೋದರೆ ಅವರು ತಮ್ಮ ಸಿಮ್ ಹಾಕಿ, ತುಂಬು ಕಡ್ಡಿ ತೋರಿಸಿ, ಡಬ್ಬಿ ಒಡೆದ ಮೇಲೆ ವಾಪಸು ಇಲ್ಲ ಎಂದರು. ದುರಸ್ತಿ ಕೇಂದ್ರದವರು ಎರಡು ದಿನ ಇಟ್ಟುಕೊಂಡು 'ದೋಷವಿಲ್ಲ' ಎಂದು ಬರೆದುಕೊಟ್ಟರು. ಆಗ ನನಗೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಅವರು ಬರೆದದ್ದು ಸರಿಯಾಗಿಯೇ ಇತ್ತು: ಫೋನಿನಲ್ಲಿ ದೋಷವಿರಲಿಲ್ಲ, ನಾನಿರುವ ಜಾಗಕ್ಕೆ ಅದು ಹೊಂದುವ ಫೋನಾಗಿರಲಿಲ್ಲ, ಅಷ್ಟೆ.

ಕಾರಣ ಬ್ಯಾಂಡುಗಳಲ್ಲಿತ್ತು. ಮೊಬೈಲ್ ಕಂಪನಿಗಳು 4ಜಿ ಸೇವೆಯನ್ನು 700, 800, 850, 900, 1800, 2100, 2300, 2600 ಮೆಗಾಹರ್ಟ್ಸ್ ಹೀಗೆ ರೇಡಿಯೋ ಅಲೆಗಳ ಹಲವು ಪಟ್ಟಿಗಳಲ್ಲಿ, ಅಂದರೆ ಬ್ಯಾಂಡುಗಳಲ್ಲಿ, ಕೊಡುತ್ತವೆ. ಪ್ರತಿ ಪಟ್ಟಿಗೂ ಒಂದು ಬ್ಯಾಂಡ್ ಸಂಖ್ಯೆ ಇರುತ್ತದೆ. ಸಾವಿರ ಮೆಗಾಹರ್ಟ್ಸ್‌ಗಿಂತ ಕೆಳಗಿನ ಅಲೆಗಳು ದೂರ ಸಾಗುತ್ತವೆ, ಮರ ಗೋಡೆಗಳನ್ನು ದಾಟಿ ಬರುತ್ತವೆ, ಗುಡ್ಡದ ಅಂಚಿನಲ್ಲಿ ಸ್ವಲ್ಪ ಬಾಗಿ ಈಚೆಗೂ ಇಳಿಯುತ್ತವೆ. ಮೇಲಿನವು ಹೆಚ್ಚು ಡೇಟಾ ಹೊರಬಲ್ಲವು, ಆದರೆ ಬೇಗ ಸೋಲುತ್ತವೆ. ಆದ್ದರಿಂದ ಜನ ಕಿಕ್ಕಿರಿದ ಪೇಟೆಯಲ್ಲಿ ಎಲ್ಲ ಬಗೆಯ ಬ್ಯಾಂಡುಗಳೂ ಸಿಗುತ್ತವೆ. ಟವರ್‌ನಿಂದ ದೂರವಿರುವ ಮನೆಗೆ ಎಷ್ಟೋ ಸಲ ಕೆಳಗಿನ ಒಂದೇ ಒಂದು ಬ್ಯಾಂಡ್ ತಲುಪುತ್ತದೆ. ನನ್ನ ಹೊಸ ಫೋನಿನಲ್ಲಿ ಇರದಿದ್ದದ್ದು ಆ ಒಂದು ಬ್ಯಾಂಡ್. ನನ್ನ ಸಿಮ್ ಕಂಪನಿಗೆ ನಮ್ಮ ಕಡೆ 2ಜಿ, 3ಜಿ ಎರಡೂ ಇಲ್ಲದ್ದರಿಂದ ಫೋನಿಗೆ ಹಿಂಜರಿದು ನಿಲ್ಲಲು ಬೇರೆ ನೆಲೆಯೂ ಉಳಿದಿರಲಿಲ್ಲ.

ಹಾಗಾದರೆ ವಿಮರ್ಶೆಗಳಲ್ಲಿ ಆ ಬ್ಯಾಂಡ್ ಇದೆಯೆಂದು ಬರೆದಿತ್ತಲ್ಲ ಎಂದು ಮತ್ತೆ ತೆಗೆದು ನೋಡಿದೆ, ಬರೆದಿತ್ತು, ನಿಜ. ಆದರೆ ಒಂದೇ ಹೆಸರಿನ ಫೋನು ಬೇರೆ ಬೇರೆ ದೇಶಗಳ ಮಾರುಕಟ್ಟೆಗೆಂದು ಬೇರೆ ಬೇರೆ ಮಾದರಿ ಸಂಖ್ಯೆಯಲ್ಲಿ ತಯಾರಾಗುತ್ತದೆ, ಬ್ಯಾಂಡ್ ಪಟ್ಟಿ ಬದಲಾಗುವುದು ಅಲ್ಲಿಯೇ. 700 ಮೆಗಾಹರ್ಟ್ಸ್ ಎಂಬುದನ್ನೇ ಏಷ್ಯಾ–ಪೆಸಿಫಿಕ್ ಭಾಗದಲ್ಲಿ ಬ್ಯಾಂಡ್ 28 ಎಂದೂ ಅಮೆರಿಕದಲ್ಲಿ 12, 13 ಎಂದೂ ಬೇರೆ ರೀತಿಯಲ್ಲಿ ಹಂಚಿದ್ದಾರೆ. ಯುರೋಪಿನ ಹಳ್ಳಿಗಳು ಬಹುಮಟ್ಟಿಗೆ ಆಧರಿಸಿರುವ 800ರ ಬ್ಯಾಂಡಿಗೆ 20 ಎಂದು ಹೆಸರು. ರಿಯಾಯಿತಿ ಕಂಡು ನಾನು ತಂದದ್ದು ಮತ್ತೊಂದು ದೇಶಕ್ಕಾಗಿ ಮಾಡಿದ ಮಾದರಿ. ಡಬ್ಬಿಯ ತಳದಲ್ಲಿ ಇರುವೆ ಸಾಲಿನಂತಹ ಅಕ್ಷರಗಳಲ್ಲಿ ಮಾದರಿ ಸಂಖ್ಯೆ ಇತ್ತು; ವಿಮರ್ಶೆಯಲ್ಲಿದ್ದ ಸಂಖ್ಯೆಗೂ ಅದಕ್ಕೂ ಕೊನೆಯ ಒಂದು ಅಕ್ಷರ ಮಾತ್ರ ಬೇರೆ.

5ಜಿ ಎಂಬ ಮುದ್ರೆಯನ್ನು ನೋಡಿ ಯಾರೂ ಸಮಾಧಾನಪಡಬೇಡಿ. ಬಹಳ ಕಡೆ 5ಜಿ ಓಡುವುದು 3300ರಿಂದ 3800 ಮೆಗಾಹರ್ಟ್ಸ್‌ಗಳ ನಡುವೆ, ಅದರ ವ್ಯಾಪ್ತಿ ಇನ್ನೂ ಚಿಕ್ಕದು.

ಬ್ಯಾಂಡ್ ಸರಿಯಿದ್ದೂ ಮೋಸಹೋಗುವ ಇನ್ನೊಂದು ದಾರಿಯಿದೆ. 4ಜಿಯಲ್ಲಿ ಕರೆ ಮಾಡಲು ವೋಲ್ಟೆ (VoLTE) ಎಂಬ ವ್ಯವಸ್ಥೆ ಬೇಕು. ಫೋನಿನಲ್ಲಿ ವೋಲ್ಟೆ ಇದ್ದರೂ ನಿಮ್ಮ ಸಿಮ್ ಕಂಪನಿ ಆ ಮಾದರಿಯನ್ನು ಒಪ್ಪಿರದಿದ್ದರೆ ಇಂಟರ್ನೆಟ್ ಬರುತ್ತದೆ, ಕರೆ ಹೋಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಉಳಿದಿದ್ದ 3ಜಿ ಜಾಲಗಳು 2024ರ ಅಕ್ಟೋಬರ್ ಕೊನೆಯಿಂದ ಮುಚ್ಚತೊಡಗಿದಾಗ, 4ಜಿಯಲ್ಲಿ ತುರ್ತು ಕರೆ ಮಾಡಲಾರದ ಫೋನುಗಳಿಗೆ ಸೇವೆಯನ್ನೇ ನಿಲ್ಲಿಸಲಾಯಿತು. ಹೊರದೇಶಗಳಿಂದ ತಂದ, ಇಂಟರ್ನೆಟ್ ಸಲೀಸಾಗಿ ಓಡುತ್ತಿದ್ದ ಫೋನುಗಳೂ ಅವುಗಳಲ್ಲಿದ್ದವು. ಆದ್ದರಿಂದ ಕಂಪನಿಯ ಒಪ್ಪಿತ ಫೋನುಗಳ ಪಟ್ಟಿಯಲ್ಲಿ ನಿಮ್ಮ ಮಾದರಿ ಸಂಖ್ಯೆ ಇದೆಯೇ ಎಂದು ನೋಡದೆ ಹಣ ಕೊಡಬಾರದು.

ಸಿಗ್ನಲ್ ಎಲ್ಲೆಲ್ಲಿ ಸಿಗುತ್ತದೆ ಎಂದು ಬಣ್ಣದಲ್ಲಿ ತೋರಿಸುವ ವ್ಯಾಪ್ತಿ ನಕ್ಷೆಗಳನ್ನು ನಾನು ನೋಡದೇ ಇರಲಿಲ್ಲ. ನಮ್ಮ ಮನೆಯಿರುವ ಜಾಗ ಅದರಲ್ಲಿ ಗಾಢ ಬಣ್ಣದಲ್ಲಿಯೇ ಇತ್ತು. ಈ ನಕ್ಷೆಗಳು ಹೆಚ್ಚಾಗಿ ಕಂಪ್ಯೂಟರ್ ಲೆಕ್ಕಾಚಾರದಿಂದ ಹುಟ್ಟುತ್ತವೆ, ಅದೂ ಬಯಲಿನಲ್ಲಿ ನಿಂತವನ ಲೆಕ್ಕ; ದಪ್ಪ ಗೋಡೆ, ತಗಡಿನ ಮಾಡು, ಮಳೆಗಾಲದಲ್ಲಿ ಎಲೆ ತುಂಬಿಕೊಂಡ ಮರಗಳು ಅವುಗಳ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ಯಾವ ಬ್ಯಾಂಡ್ ಇದೆ ಎಂಬುದಂತೂ ನಕ್ಷೆಗೆ ಗೊತ್ತಾಗುವ ಮಾತೇ ಅಲ್ಲ. ನನ್ನ ಮಟ್ಟಿಗೆ ನಕ್ಷೆ ಹೇಳುವ 'ಇಲ್ಲ'ವನ್ನು ನಂಬಬಹುದು, 'ಇದೆ'ಯನ್ನು ಮನೆಯೊಳಗೆ ಪರೀಕ್ಷಿಸಿಯೇ ನಂಬಬೇಕು.

ಕಡ್ಡಿಗಳದ್ದೂ ಇದೇ ಕತೆ. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲರೂ ಪಾಲಿಸುವ ಅಳತೆಯಿಲ್ಲ, ಒಬ್ಬೊಬ್ಬ ತಯಾರಕರದ್ದು ಒಂದೊಂದು ಲೆಕ್ಕ. ಇದರ ಬದಲು ಸಿಗ್ನಲ್ಲಿನ ಬಲವನ್ನು ಹೇಳುವ ಡಿಬಿಎಂ ಎಂಬ ಅಂಕಿ ನೋಡುವುದು ಮೇಲು. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ಫೋನ್ ಬಗೆಗಿನ ಪುಟದಲ್ಲಿ, ಸಿಮ್ ಸ್ಥಿತಿ ಎಂಬಲ್ಲಿ ಅದು ಸಿಗುತ್ತದೆ. ಐಫೋನಿನಲ್ಲಿ *3001#12345#* ಒತ್ತಿ ಕರೆಯ ಗುಂಡಿ ಮುಟ್ಟಿದರೆ ಪರೀಕ್ಷಾ ಪುಟ ತೆರೆಯುತ್ತದೆ. ಅಂಕಿ ಯಾವಾಗಲೂ ಮೈನಸ್‌ನಲ್ಲಿರುತ್ತದೆ. 4ಜಿಯಲ್ಲಿ ಮೈನಸ್ 85ರ ಸುತ್ತ ಇದ್ದರೆ ನೆಮ್ಮದಿ, ಮೈನಸ್ 110 ದಾಟಿದರೆ ಕಷ್ಟ, ಮೈನಸ್ 120ರ ಹತ್ತಿರ ಹೋದರೆ ಕರೆಯ ಆಸೆ ಬಿಡಬಹುದು. ಪ್ರತಿ 10 ಅಂಕ ಕೆಳಗಿಳಿದಾಗ ಸಿಗ್ನಲ್ ಹತ್ತನೇ ಒಂದು ಪಾಲಿಗೆ ಕುಗ್ಗುತ್ತದೆ. ನಮ್ಮ ಮನೆಯ ಅಂಗಳದಲ್ಲಿ ಹಳೆಯ ಫೋನು ಮೈನಸ್ 98 ತೋರಿಸಿದರೆ ಒಳಕೋಣೆಯಲ್ಲಿ ಮೈನಸ್ 113 ತೋರಿಸಿತು. ನಡುವೆ ಇದ್ದದ್ದು ಒಂದು ಗೋಡೆ, ಒಂದು ಕಬ್ಬಿಣದ ಬೀರು.

ಇದರಲ್ಲಿ ನನಗೆ ತಡವಾಗಿ ಹೊಳೆದ ಸೂಕ್ಷ್ಮವೊಂದಿದೆ. ಪರದೆಯ ಮೇಲಿನ ಕಡ್ಡಿ ಹೇಳುವುದು ಟವರ್‌ನ ಮಾತು ಫೋನಿಗೆ ಎಷ್ಟು ಕೇಳಿಸುತ್ತಿದೆ ಎಂಬುದನ್ನು ಮಾತ್ರ. ಟವರ್ ಹತ್ತಾರು ವಾಟ್ ಶಕ್ತಿಯಲ್ಲಿ ಕೂಗಬಲ್ಲದು. ಸಾಮಾನ್ಯ 4ಜಿ ಫೋನಿನ ಗರಿಷ್ಠ ಶಕ್ತಿ ಸುಮಾರು 0.2 ವಾಟ್. ಅಂದರೆ ಅದರ ಕೂಗು ನಮಗೆ ಕೇಳಿಸಿದರೂ ನಮ್ಮ ಪಿಸುಮಾತು ಅಲ್ಲಿಗೆ ಮುಟ್ಟದೇ ಇರಬಹುದು. ಹೊಸ ಫೋನು ಹಿಡಿದು ತಾರಸಿಯ ನೀರಿನ ತೊಟ್ಟಿಯ ಪಕ್ಕ ನಿಂತಾಗ ಒಮ್ಮೊಮ್ಮೆ ಒಂದು ಕಡ್ಡಿ ಬರುತ್ತಿತ್ತು. ನಂಬರ್ ಒತ್ತಿದರೆ ಸದ್ದಿಲ್ಲದೆ ಕರೆ ಕತ್ತರಿಸಿಹೋಗುತ್ತಿತ್ತು. ಸಾಲದ್ದಕ್ಕೆ, ದುರ್ಬಲ ಸಿಗ್ನಲ್ಲಿನಲ್ಲಿ ಫೋನು ಸದಾ ಗಟ್ಟಿಯಾಗಿ ಕೂಗುತ್ತ, ಟವರ್ ಹುಡುಕುತ್ತ ಇರುವುದರಿಂದ ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ. ಆದ್ದರಿಂದ ಪರೀಕ್ಷಿಸುವಾಗ ಕಡ್ಡಿ ನೋಡಿ ಬಿಡದೆ ಕರೆ ಮಾಡಿ ಎರಡು ನಿಮಿಷ ಮಾತಾಡಬೇಕು, ಒಂದು ಫೋಟೊ ಕಳಿಸಿ ನೋಡಬೇಕು. ಸಾಧ್ಯವಾದರೆ ಕರೆಂಟ್ ಹೋಗಿ ಕೆಲವು ಗಂಟೆಗಳಾದ ಮೇಲೂ ಒಮ್ಮೆ ನೋಡಬೇಕು; ಬ್ಯಾಟರಿ ಮುಗಿದ ಟವರ್ ಮಲಗಿಬಿಟ್ಟರೆ ಎಂಥ ಫೋನಿದ್ದೂ ಪ್ರಯೋಜನವಿಲ್ಲ.

ಸಿಗ್ನಲ್ ಬೂಸ್ಟರ್ ಹಾಕಿಸಿ ಎಂದು ಸಲಹೆ ಕೊಟ್ಟವರಿದ್ದರು. ಅನುಮತಿಯಿಲ್ಲದೆ ಅದನ್ನು ಹಾಕುವುದು ಹಲವು ದೇಶಗಳಲ್ಲಿ ಅಪರಾಧ, ಸುತ್ತಲಿನವರ ಸಿಗ್ನಲ್ಲನ್ನೂ ಅದು ಕೆಡಿಸಬಲ್ಲದು. ಫೋನಿನಲ್ಲಿಲ್ಲದ ಬ್ಯಾಂಡನ್ನು ಯಾವ ಬೂಸ್ಟರೂ ತಂದುಕೊಡುವುದಿಲ್ಲ. ಮನೆಗೆ ಕೇಬಲ್ ಮೂಲಕ ಇಂಟರ್ನೆಟ್ ಇರುವವರಿಗೆ ವೈಫೈ ಕರೆ ಒಳ್ಳೆಯ ಆಸರೆ, ಆದರೆ ಅದಕ್ಕೂ ಸಿಮ್ ಕಂಪನಿಯ ಒಪ್ಪಿಗೆ ಬೇಕು ಮತ್ತು ಅಂಗಳ ದಾಟಿದರೆ ಅದು ನಮ್ಮ ಜೊತೆ ಬರುವುದಿಲ್ಲ.

ಆ ಫೋನು ಈಗ ನಮ್ಮ ಮನೆಯಲ್ಲಿ ಅಲಾರಂ ಹೊಡೆಯುತ್ತದೆ, ಫೋಟೊ ತೆಗೆಯುತ್ತದೆ. ಸಿಮ್ ಒಡೆದ ಗಾಜಿನ ಫೋನಿನಲ್ಲಿಯೇ ಇದೆ. ಬೇರೊಂದು ಫೋನಿನ ಮೇಲೆ ಕಣ್ಣಿಟ್ಟಿದ್ದೇನೆ. ಪರಿಚಯದವರೊಬ್ಬರ ಬಳಿ ಅದೇ ಮಾದರಿ ಸಂಖ್ಯೆಯದು, ಕೊನೆಯ ಅಕ್ಷರದವರೆಗೂ ಅದೇ ಎಂದು ಡಬ್ಬಿಯ ತಳ ನೋಡಿ ಖಚಿತ ಮಾಡಿಕೊಂಡದ್ದು, ಇದೆ. ಬರುವ ಭಾನುವಾರ ಅವರು ಮನೆಗೆ ಬರುತ್ತಾರೆ. ನನ್ನ ಸಿಮ್ಮನ್ನು ಅದಕ್ಕೆ ಹಾಕಿ, ಒಳಕೋಣೆಯ ಬೀರುವಿನ ಪಕ್ಕ ನಿಂತು ಕರೆ ಮಾಡಿ ನೋಡುವ ತನಕ ದುಡ್ಡು ಬಿಚ್ಚುವುದಿಲ್ಲ.