ಧಾರವಾಡದಲ್ಲಿ ಕೊಂಡ ಕೈಕಾಗದದ ನೋಟ್‌ಬುಕ್

ಧಾರವಾಡದ ಸುಭಾಷ ರಸ್ತೆಯ ಆಸುಪಾಸಿನಲ್ಲಿ ಖಾದಿ ಬಟ್ಟೆ, ಊದುಬತ್ತಿ, ಜೇನುತುಪ್ಪಗಳ ಜೊತೆಗೆ ಕೈಕಾಗದದ ಸಾಮಾನುಗಳನ್ನೂ ಮಾರುವ ಸಣ್ಣ ಅಂಗಡಿಯೊಂದರಲ್ಲಿ ನಾನು ಕೊಂಡ ನೋಟ್‌ಬುಕ್‌ನ ಬೆಲೆ 240 ರೂಪಾಯಿ. ಅದೇ ದುಡ್ಡಿಗೆ ಗಿರಣಿ ಕಾಗದದ ನೋಟ್‌ಬುಕ್‌ಗಳು ಮೂರ್ನಾಲ್ಕಾದರೂ ಬರುವುದರಿಂದ, ಈ ಹಾಳೆಯಲ್ಲಿ ಏನಿದೆ, ಇದು ಯಾರಿಗೆ ಒದಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಹಾಳೆಯನ್ನು ಬೆಳಕಿಗೆ ಹಿಡಿದರೆ ದಪ್ಪ ಒಂದೇ ಸಮನಾಗಿಲ್ಲದಿರುವುದೂ ಅಲ್ಲಲ್ಲಿ ಕೆಂಪು, ನೀಲಿ ನೂಲಿನ ಎಳೆಗಳು ಉಳಿದಿರುವುದೂ ಕಾಣುತ್ತವೆ. ಇದು ಹತ್ತಿ ಬಟ್ಟೆಯ ಚಿಂದಿಯಿಂದ ಆದ ಕಾಗದ. ಕ್ರಿ.ಶ. 105ರಲ್ಲಿ ಚೀನಾದ ಹಾನ್ ರಾಜವಂಶದ ಅರಮನೆಯ ಅಧಿಕಾರಿ ತ್ಸಾಯ್ ಲುನ್ ಚಕ್ರವರ್ತಿಗೆ ಒಪ್ಪಿಸಿದ ಕಾಗದವೂ ಮರದ ತೊಗಟೆ, ಭಂಗಿ ಗಿಡದ ನಾರು, ಹಳೆಯ ಬಟ್ಟೆ ಮತ್ತು ಮೀನಿನ ಬಲೆಗಳಿಂದ ಆದದ್ದೆಂದು ಅಲ್ಲಿನ ಇತಿಹಾಸ ಹೇಳುತ್ತದೆ. ಅವನಿಗಿಂತ ಹಳೆಯ ಕಾಗದದ ಚೂರುಗಳು ಗಾನ್ಸು ಪ್ರಾಂತ್ಯದಲ್ಲಿ ದೊರೆತಿರುವುದರಿಂದ, ಅವನನ್ನು ಕಾಗದ ಕಂಡುಹಿಡಿದವನೆನ್ನುವುದಕ್ಕಿಂತ ಅದರ ತಯಾರಿಕೆಯನ್ನು ಸುಧಾರಿಸಿದವನೆನ್ನುವುದೇ ಸರಿ. ನಾರನ್ನು ನೆನೆಸಿ ಜಜ್ಜಿ, ನೀರಿನಲ್ಲಿ ಕದಡಿ, ಜಾಲರಿಯ ಮೇಲೆ ತೆಳುವಾಗಿ ಎತ್ತಿ, ನೀರು ಬಸಿದು ಒಣಗಿಸುವ ಆ ಕ್ರಮ ಕೈಕಾಗದದಲ್ಲಿ ಇಂದಿಗೂ ಬದಲಾಗಿಲ್ಲ. ಜಜ್ಜುವ ಕೆಲಸವನ್ನಷ್ಟೇ ಈಗ ಯಂತ್ರ ಮಾಡುತ್ತದೆ, ಆ ಯಂತ್ರ ಮಾತ್ರ ಹಾಲೆಂಡಿನವರು ರೂಪಿಸಿದ್ದು.

ಬರೆಯುವವನ ಪಾಲಿಗೆ ಹಾಳೆಯ ಗುಣ ನಿಂತಿರುವುದು ಅದಕ್ಕೆ ಹಾಕಿದ ಗಂಜಿಯ ಮೇಲೆ. ಚೀನೀಯರು ಕಾಡಿಗೆಯ ಮಸಿಯಲ್ಲಿ ಕುಂಚ ಅದ್ದಿ ಬರೆಯುತ್ತಿದ್ದುದರಿಂದ ಮಸಿಯನ್ನು ಹೀರುವ ಮೆತ್ತನೆಯ ಕಾಗದವೂ ಅವರಿಗೆ ಒಗ್ಗುತ್ತಿತ್ತು. ತೆಳುವಾದ ಶಾಯಿಯನ್ನು ಮೊನಚಾದ ನಿಬ್ಬಿನಿಂದ ಇಳಿಸುವ ನಮಗೆ, ಗಂಜಿಯೋ ಅಂಟೋ ಸಾಕಷ್ಟು ಹಿಡಿಯದ ಹಾಳೆಯಲ್ಲಿ ಶಾಯಿ ನಾರಿನ ಗುಂಟ ಹರಡಿಬಿಡುತ್ತದೆ. ಕಡತಗಳೆಂಬ ನಮ್ಮ ಹಳೆಯ ಬಟ್ಟೆಯ ಪುಸ್ತಕಗಳಲ್ಲಿಯೂ ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ರಂಧ್ರ ಮುಚ್ಚಿದ ಮೇಲೆಯೇ ಬಳಪದಿಂದ ಬರೆಯುತ್ತಿದ್ದರು. ಈ ನೋಟ್‌ಬುಕ್‌ನ ಹಾಳೆಯಲ್ಲಿ ನುಣುಪಾದ ಬದಿ ಚೆನ್ನಾಗಿದೆ, ಅಕ್ಷರ ಕತ್ತರಿಸಿದಂತೆ ನಿಲ್ಲುತ್ತದೆ. ಒರಟು ಬದಿಯಲ್ಲಿ ನಿಬ್ಬಿಗೆ ನಾರು ಸಿಕ್ಕಿಕೊಳ್ಳುತ್ತದೆ. ‘ದ್ಧ’, ‘ಕ್ಷ್ಮ’ದಂತಹ ಅಕ್ಷರಗಳ ಒತ್ತಿನ ಸುಳಿಯಲ್ಲಿ ಶಾಯಿ ತುಂಬಿಕೊಂಡು ಓದುವುದೇ ಕಷ್ಟವಾಗುತ್ತದೆ. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಹಾಳೆ ತೇವ ಹೀರಿ ಈ ದೋಷ ಇನ್ನಷ್ಟು ಹೆಚ್ಚುತ್ತದೆ. ಬಾಲ್‌ಪೆನ್ನಿಗೆ ಎರಡೂ ಬದಿ ನಡೆಯುತ್ತವೆ, ಆದರೆ ಬಾಲ್‌ಪೆನ್ನಿಗಾಗಿ ಇಷ್ಟು ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ.

ಹೊಲಿಗೆ ಗಟ್ಟಿಯಾಗಿದೆ, ಪುಸ್ತಕ ಪೂರ್ತಿ ತೆರೆದುಕೊಳ್ಳುತ್ತದೆ. ನನ್ನ ತಕರಾರಿರುವುದು ನೋಟ್‌ಬುಕ್‌ನ ವಿವರದ ಚೀಟಿಯ ಬಗ್ಗೆ. ಹತ್ತಿಯ ನಾರಿನಲ್ಲಿ ಮರದ ತಿರುಳಿನಲ್ಲಿರುವ, ಕಾಗದವನ್ನು ಹಳದಿಯಾಗಿಸುವ ಲಿಗ್ನಿನ್ ಎಂಬ ವಸ್ತು ಇಲ್ಲದ ಕಾರಣ ಇಂತಹ ಕಾಗದ ಬೇಗ ಹಳದಿಯಾಗದೆಂಬುದು ನಿಜವಾದರೂ, ರಾಳ ಮತ್ತು ಪಟಿಕ ಬಳಸಿ ಗಂಜಿ ಹಾಕಿದ್ದರೆ ಅದರ ಆಮ್ಲವೇ ವರ್ಷಗಳು ಕಳೆದಂತೆ ಹಾಳೆಯನ್ನು ಪುಡಿಯಾಗಿಸುತ್ತದೆ. ಹಿರಿಯರ ನೆನಪುಗಳನ್ನೋ ಮನೆತನದ ದಾಖಲೆಯನ್ನೋ ಬರೆದಿಡಲು ಕೊಳ್ಳುವವರಿಗೆ ಬೇಕಾದ ಮಾಹಿತಿ ಇದೇ. ಚೀಟಿಯಲ್ಲಿರುವುದು ‘ಪರಿಸರಸ್ನೇಹಿ’ ಎಂಬ ಒಂದು ಪದ ಮಾತ್ರ. ಹಾಳೆಯ ತೂಕವನ್ನೂ ನಮೂದಿಸಿಲ್ಲ.

ಅದೇ ಅಂಗಡಿಯಲ್ಲಿ ಸಿಗುವ ಬಿಡಿ ದೊಡ್ಡ ಹಾಳೆಗಳು ದೀಪಾವಳಿಯ ಆಕಾಶಬುಟ್ಟಿಗೆ ಬಹಳ ಒಪ್ಪುತ್ತವೆ, ಅವುಗಳಿಗೆ ಕೊಟ್ಟ ಹಣದ ಬಗ್ಗೆ ಆಕ್ಷೇಪವೇ ಇಲ್ಲ. ನೋಟ್‌ಬುಕ್ ಬೇಕೆನ್ನುವವರು ತಮ್ಮ ಪೆನ್ನನ್ನು ಜೊತೆಗೆ ಒಯ್ಯುವುದು ಲೇಸು. “ಬರದ ನೋಡ್ರಿ, ಆಮ್ಯಾಲೆ ಒಯ್ರಿ” ಎಂದು ಅಂಗಡಿಯವರೇ ಹಾಳೆಯ ಚೂರನ್ನು ಮುಂದಿಡುತ್ತಾರೆ, ಅದರ ಎರಡೂ ಬದಿಗಳಲ್ಲಿ ಬರೆದು ನೋಡಬೇಕು.